ಮೈನಸ್ 33 ಡಿಗ್ರಿ ಚಳಿ ತಡೆಯುವ ನೆರಳಿನ ಮರ ಯಾವುದು?

ಹೊಸತೋಟ

ಎಲ್ಲರಿಗೂ ನಮಸ್ಕಾರ. ಮನೆಯ ಪಶ್ಚಿಮಕ್ಕೆ ಸುಮಾರು 18 ಮೀಟರ್ ಖಾಲಿ ಜಾಗ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಅಡುಗೆಮನೆ ಕಿಟಕಿಗೆ ಹೊಡೆಯುತ್ತದೆ, ಒಳಗೆ ನಿಲ್ಲೋಕೆ ಆಗಲ್ಲ. ಚಳಿಗಾಲದಲ್ಲಿ ಮೈನಸ್ 33 ಮುಟ್ಟುತ್ತದೆ. ಎಲ್ಲಿ ಎಷ್ಟು ಚಳಿ ಅಂತ ತೋರಿಸುವ ಗಿಡಗಳ ನಕ್ಷೆ ಪ್ರಕಾರ ವಲಯ 4ಎ (ಅಂಕಿ ಚಿಕ್ಕದಾದಷ್ಟೂ ಚಳಿ ಜಾಸ್ತಿ). ಮಣ್ಣು ಜಿಗುಟು ಜೇಡಿ.

ನರ್ಸರಿಯಲ್ಲಿ ಕೆಂಪು ಮೇಪಲ್ ತೋರಿಸಿದರು. ಬೇಗ ಬೆಳೆಯುತ್ತೆ, ಎಲೆ ಉದುರೋ ಮುಂಚೆ ಕೆಂಪಗೆ ಚೆಂದ ಕಾಣುತ್ತೆ, ವಲಯ 3ರವರೆಗೂ ತಡೆಯುತ್ತೆ ಅಂದರು. ಚೀಟಿಯಲ್ಲೂ ಹಾಗೇ ಇದೆ. ಜಾಗ ಇರೋದು ಒಂದೇ ದೊಡ್ಡ ಮರಕ್ಕೆ. ತೆಗೆದುಕೊಳ್ಳಲಾ?

ಗಿಡಮರಬಳ್ಳಿ

ಮೊದಲು ಮಣ್ಣು ನೋಡಿ, ಆಮೇಲೆ ಮೇಪಲ್. ಜೇಡಿಯಾ ಅಲ್ಲವಾ ಅನ್ನೋದಕ್ಕಿಂತ ಅದರಲ್ಲಿ ಸುಣ್ಣ ಎಷ್ಟಿದೆ ಅನ್ನೋದು ಮುಖ್ಯ. ಕೆಂಪು ಮೇಪಲ್‌ಗೆ ಸ್ವಲ್ಪ ಹುಳಿ ಮಣ್ಣೇ ಬೇಕು. ಪಿಎಚ್ (ಮಣ್ಣು ಹುಳಿಯಾ ಕ್ಷಾರವಾ ಅನ್ನೋ ಅಳತೆ) 7 ದಾಟಿದ ಕಡೆ ಅದಕ್ಕೆ ಮ್ಯಾಂಗನೀಸ್ ಅನ್ನೋ ಪೋಷಕಾಂಶ ಸರಿಯಾಗಿ ಸಿಗಲ್ಲ. ಮಣ್ಣಲ್ಲಿ ಇರುತ್ತೆ, ಆದರೆ ಬೇರು ಹೀರುವ ರೂಪದಲ್ಲಿ ಇರಲ್ಲ. ಬೇಸಿಗೆ ಶುರುವಾದ ಹಾಗೆ ಎಲೆ ಹಳದಿ ತಿರುಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಆಮೇಲೆ ಅಂಚು ಕಂದಾಗಿ ಸುಟ್ಟ ಹಾಗೆ ಆಗುತ್ತದೆ. ಇಂಥ ಮರಗಳಿಗೆ ವರ್ಷ ವರ್ಷ ಏನೇನೋ ಪುಡಿ ಹಾಕ್ತಾ ಕೂರಬೇಕು. ಸುಮ್ನೆ ತಲೆನೋವು.

ಪರೀಕ್ಷೆ ಸುಲಭ. ಜಾಗದ ನಾಲ್ಕೈದು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆಯಿರಿ. ಒಣಗಿಸಿ, ಪುಡಿಮಾಡಿ, ಮೇಲೆ ವಿನೆಗರ್ ಸುರಿಯಿರಿ. ಬುಸ್ಸಂತ ನೊರೆ ಬಂದರೆ ಸುಣ್ಣ ಇದೆ ಅಂತ ಅರ್ಥ. ನೊರೆ ಬರದಿದ್ದರೆ ಅಷ್ಟಕ್ಕೇ ನಂಬಬೇಡಿ, ಪ್ರಯೋಗಾಲಯಕ್ಕೆ ಕಳಿಸಿ ಪಿಎಚ್ ತಿಳಿದುಕೊಳ್ಳಿ. ಮನೆ ಕಟ್ಟುವಾಗ ಹೂತ ಸಿಮೆಂಟ್ ಚೂರು, ಗಾರೆಯಿಂದಲೂ ಗೋಡೆ ಹತ್ತಿರದ ಮಣ್ಣಿನ ಪಿಎಚ್ ಏರಿರುತ್ತದೆ. ಗೋಡೆಯ ಬುಡದ್ದು ಬೇಡ, ಮರ ನೆಡೋ ಜಾಗದ್ದೇ ತೆಗೆಯಿರಿ.

ಶೀತವಲಯ

ವಲಯ ಬರೆದಿದ್ದು ಒಳ್ಳೆಯದಾಯ್ತು. ಆದರೆ ಆ ಅಂಕಿ ಹೇಳೋದು ಒಂದೇ ವಿಷಯ, ಅದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಎಲ್ಲರೂ ಬಳಸುವ ಅಮೆರಿಕ ಕೃಷಿ ಇಲಾಖೆಯ ನಕ್ಷೆಯಲ್ಲಿ ಪ್ರತಿ ವರ್ಷದ ಅತಿ ಚಳಿ ರಾತ್ರಿಯ ಉಷ್ಣತೆ ತೆಗೆದುಕೊಂಡು, 30 ವರ್ಷದ ಸರಾಸರಿ ಹಾಕುತ್ತಾರೆ. 4ಎ ಅಂದರೆ ಆ ಸರಾಸರಿ ಮೈನಸ್ 34.4ರಿಂದ ಮೈನಸ್ 31.7ರ ಒಳಗೆ ಇದೆ ಅಂತ. ಸರಾಸರಿ ಅಂದ ಮೇಲೆ ಅದಕ್ಕಿಂತ ಕೆಳಗೆ ಇಳಿಯುವ ವರ್ಷಗಳೂ ಇದ್ದೇ ಇರುತ್ತವೆ ಅಲ್ವಾ? ಮರಕ್ಕೆ ಸಾಯೋಕೆ ಒಂದು ರಾತ್ರಿ ಸಾಕು.

ಗಾಳಿ, ಹಿಮದ ಆಳ, ಬೇಸಿಗೆಯ ಉದ್ದ, ಮಣ್ಣು, ಇದ್ಯಾವುದೂ ಆ ಅಂಕಿಯಲ್ಲಿ ಇಲ್ಲ. ಕೆನಡಾದವರ ನಕ್ಷೆ ಬೇರೆ ಥರ. ಅದರಲ್ಲಿ ಇಬ್ಬನಿ ಹೆಪ್ಪುಗಟ್ಟದ ದಿನಗಳು, ಮಳೆ, ಹಿಮದ ದಪ್ಪ, ಗಾಳಿಯ ವೇಗ ಎಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಎರಡು ನಕ್ಷೆಯ 4 ಒಂದೇ ಅಲ್ಲ. ಚೀಟಿಯಲ್ಲಿರೋದು ಯಾವ ನಕ್ಷೆಯ ವಲಯ ಅಂತ ಕೇಳಿ.

ಇನ್ನೊಂದು. 2023ರಲ್ಲಿ ಅಮೆರಿಕದ ಹೊಸ ನಕ್ಷೆ ಬಂತು, 1991ರಿಂದ 2020ರವರೆಗಿನ ಅಂಕಿಅಂಶದ ಮೇಲೆ. ಹೆಚ್ಚುಕಮ್ಮಿ ಅರ್ಧ ದೇಶ ಅರ್ಧ ವಲಯ ಬೆಚ್ಚಗಾಯ್ತು. ಅದನ್ನು ನೋಡಿ ಕೆಲವರು ವಲಯ 5ರ ಮರಗಳನ್ನು ಧೈರ್ಯವಾಗಿ ನೆಡೋಕೆ ಶುರು ಮಾಡಿದ್ದಾರೆ. ಹೂವಿನ ಗಿಡಕ್ಕೆ ಪರವಾಗಿಲ್ಲ, ಸತ್ತರೆ ಇನ್ನೊಂದು ತರಬಹುದು. ನೆರಳಿನ ಮರಕ್ಕೆ ನನ್ನ ಲೆಕ್ಕ ತದ್ವಿರುದ್ಧ. ನಿಮ್ಮದು 4 ಆದರೆ 3ಕ್ಕೆ ತಡೆಯುವುದನ್ನೇ ನೆಡಿ.

ಕಾಡುದಾರಿ

ಶೀತವಲಯ ಹೇಳಿದ್ದು ಸರಿ. ಆದರೆ "ವಲಯ 3ಕ್ಕೆ ತಡೆಯುತ್ತೆ" ಅನ್ನೋ ಮಾತೇ ಅರ್ಧ ಸತ್ಯ. ಯಾವ ಊರಿನ ಬೀಜ ಅಂತ ಯಾರೂ ಕೇಳಲ್ಲ.

ಕೆಂಪು ಮೇಪಲ್ ಫ್ಲೋರಿಡಾದಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೂ ಬೆಳೆಯುತ್ತದೆ. ಜಾತಿ ಒಂದೇ, ಆದರೆ ದಕ್ಷಿಣದ ಮರಕ್ಕೂ ಉತ್ತರದ ಮರಕ್ಕೂ ಅಜಗಜಾಂತರ. ಮರ ಚಳಿಗೆ ಸಿದ್ಧವಾಗೋದು ಚಳಿ ಬಂದ ಮೇಲಲ್ಲ. ಹಗಲು ಕುಗ್ಗುತ್ತಾ ಬಂದ ಹಾಗೆ ಬೆಳವಣಿಗೆ ನಿಲ್ಲಿಸಿ, ಮೊಗ್ಗು ಮುಚ್ಚಿ, ತೊಗಟೆ ಗಟ್ಟಿ ಮಾಡಿಕೊಳ್ಳುತ್ತದೆ. ಹಗಲು ಎಷ್ಟು ಕುಗ್ಗಿದಾಗ ನಿಲ್ಲಿಸಬೇಕು ಅನ್ನೋದು ಅದರ ಹುಟ್ಟಿನಲ್ಲೇ ಬಂದಿರುತ್ತದೆ. ದಕ್ಷಿಣದ ಮರವನ್ನು ತಂದು ಉತ್ತರದಲ್ಲಿ ನೆಟ್ಟರೆ ಸೆಪ್ಟೆಂಬರ್ ಕೊನೆಗೂ ಎಳೆ ಚಿಗುರು ಇಟ್ಟುಕೊಂಡು ಕೂತಿರುತ್ತದೆ. ಮೊದಲ ಗಟ್ಟಿ ಹಿಮ ಬಿದ್ದ ರಾತ್ರಿ ತುದಿಗಳೆಲ್ಲ ಸುಟ್ಟು ಹೋಗುತ್ತವೆ. ಅದಕ್ಕೆ ಮೈನಸ್ 33ರವರೆಗೂ ಕಾಯಬೇಕಾಗಿಲ್ಲ.

ನರ್ಸರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಬೀಜ ಎಲ್ಲಿಯದು? ಕಸಿ ಆಗಿದ್ದರೆ ತಾಯಿಮರ ಎಲ್ಲಿಯದು, ಬೇರಿನ ಗಿಡ ಎಲ್ಲಿಯದು? ಉತ್ತರ ಗೊತ್ತಿಲ್ಲ ಅಂದರೆ ಇನ್ನೊಂದು ನರ್ಸರಿ ನೋಡಿ.

ಎಲೆಮರೆಕಾಯಿ

ನನಗೊಂದು ಪೆದ್ದು ಪ್ರಶ್ನೆ. ಮರದೊಳಗೆ ಇರೋದು ನೀರೇ ಅಲ್ವಾ? ಮೈನಸ್ 33ಕ್ಕೆ ಅದು ಮಂಜುಗಡ್ಡೆ ಆಗಿ ಮರ ಒಡೆದು ಹೋಗಲ್ವಾ?

ಕಾಡುದಾರಿ

ಪೆದ್ದು ಪ್ರಶ್ನೆ ಏನಲ್ಲ, ಇದರ ಮೇಲೆ ದೊಡ್ಡ ಸಂಶೋಧನೆಯೇ ಆಗಿದೆ. ಸಕ್ಕರೆ ಮೇಪಲ್, ಆಶ್, ಎಲ್ಮ್, ಹಲವು ಓಕ್‌ಗಳು ಒಂದು ಉಪಾಯ ಮಾಡುತ್ತವೆ. ಕಟ್ಟಿಗೆಯ ಜೀವಕೋಶದೊಳಗಿನ ನೀರು ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಗಡ್ಡೆಯಾಗದೆ ದ್ರವವಾಗಿಯೇ ಉಳಿಯುತ್ತದೆ. ಇದಕ್ಕೆ ಸೂಪರ್‌ಕೂಲಿಂಗ್ ಅಂತಾರೆ. ಆದರೆ ಇದಕ್ಕೊಂದು ತಳ ಇದೆ, ಸುಮಾರು ಮೈನಸ್ 40. ಅಲ್ಲಿ ನೀರು ತಾನಾಗಿಯೇ ಗಡ್ಡೆ ಕಟ್ಟುತ್ತದೆ, ಜೀವಕೋಶ ಸಾಯುತ್ತದೆ. ಈ ಜಾತಿಗಳು ಉತ್ತರಕ್ಕೆ ಒಂದು ಗಡಿ ದಾಟಿ ಕಾಣಿಸದೆ ಇರೋದಕ್ಕೆ ಇದೂ ಒಂದು ಕಾರಣ.

ಬರ್ಚ್, ಆಸ್ಪೆನ್, ವಿಲೋಗಳದ್ದು ಬೇರೆ ದಾರಿ. ಅವು ಜೀವಕೋಶದಿಂದ ನೀರನ್ನು ಹೊರಗೆ ಬಿಟ್ಟು, ಗಡ್ಡೆ ಹೊರಗಡೆ ಕಟ್ಟೋ ಹಾಗೆ ಮಾಡುತ್ತವೆ. ಒಳಗೆ ಉಳಿಯೋದು ಗಟ್ಟಿ ಸಕ್ಕರೆ ಪಾಕದಂಥ ರಸ. ಹಾಗಾಗಿ ಮೈನಸ್ 40ರ ಆಚೆಗೂ ಬದುಕುತ್ತವೆ. ಸೈಬೀರಿಯಾ, ಅಲಾಸ್ಕಾದ ಕಾಡಲ್ಲಿ ಇವು ಇರೋದು ಅದಕ್ಕೇ.

ಬೇರಿಗೆ ಇಷ್ಟು ತಾಕತ್ತು ಇಲ್ಲ. ಮೇಲಿನ ಕೊಂಬೆ ಮೈನಸ್ 35 ತಡೆದರೂ ಅದೇ ಮರದ ಎಳೆ ಬೇರು ಎಷ್ಟೋ ಮೊದಲೇ ಸಾಯಬಹುದು. ನೆಲದಲ್ಲಿ ಮಣ್ಣು, ಹಿಮ ಕಾಪಾಡುತ್ತವೆ. ಕುಂಡದಲ್ಲಿ ಇಟ್ಟ ಗಿಡಕ್ಕೆ ಆ ರಕ್ಷಣೆ ಇಲ್ಲ.

ನೆರಳುಗಾರ

ಇಷ್ಟೆಲ್ಲ ಯಾಕೆ? ಬರ್ ಓಕ್ ನೆಡಿ, ನೆಮ್ಮದಿಯಾಗಿರಿ. ವಲಯ 3. ಜೇಡಿ, ಸುಣ್ಣ, ಬರ, ಗಾಳಿ ಯಾವುದಕ್ಕೂ ಅಂಜಲ್ಲ. ತಾಯಿಬೇರು ನೇರ ಆಳಕ್ಕೆ ಇಳಿಯುತ್ತದೆ. ಹುಲ್ಲುಗಾವಲಿನ ಬೆಂಕಿಗೂ ಸಾಯದಷ್ಟು ದಪ್ಪ ತೊಗಟೆ. ಕಾಯಿಯ ಬಟ್ಟಲಿನ ಅಂಚಿಗೆ ಕುಚ್ಚು ಕಟ್ಟಿದ ಹಾಗೆ ಎಳೆಗಳು ಇರುತ್ತವೆ, ಒಮ್ಮೆ ನೋಡಿದರೆ ಇನ್ನು ಯಾವ ಓಕ್ ಜೊತೆಗೂ ಗೊಂದಲ ಆಗಲ್ಲ. 200 ವರ್ಷ ದಾಟಿ ಬದುಕುವ ಮರ.

ಎಲೆಮರೆಕಾಯಿ

ನೆರಳು ಬರೋ ಹೊತ್ತಿಗೆ ಅವರ ಮೊಮ್ಮಕ್ಕಳು ಅಡುಗೆಮನೆಯಲ್ಲಿ ಇರ್ತಾರೆ 😄

ನೆರಳುಗಾರ

ಎಲ್ಲರೂ ಇದನ್ನೇ ಹೇಳ್ತಾರೆ. ಬೇಗ ಬೆಳೆಯೋ ಮರ ಬೇಕು ಅಂತ ಬೆಳ್ಳಿ ಮೇಪಲ್ ಹಾಕ್ತಾರೆ, ಪೋಪ್ಲರ್ ಹಾಕ್ತಾರೆ. ಬೇಗ ಬೆಳೆದ ಕಟ್ಟಿಗೆ ಮೆದು. ಮಂಜುಗಡ್ಡೆ ಮಳೆ ಬಂದು ಕೊಂಬೆ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿದಾಗ ಮೊದಲು ಸೀಳೋದು ಅವೇ. 1998ರ ಜನವರಿಯಲ್ಲಿ ಕ್ವಿಬೆಕ್, ಒಂಟಾರಿಯೊ ಕಡೆ ಐದಾರು ದಿನ ಅಂಥ ಮಳೆ ಹೊಡೆದು ಲಕ್ಷಾಂತರ ಮರಗಳು ಮುರಿದವು. ಪೋಪ್ಲರ್, ವಿಲೋ ಬೇರುಗಳಂತೂ ಒಡೆದ ಚರಂಡಿ ಪೈಪಿನ ಒಳಗೇ ನುಗ್ಗುತ್ತವೆ.

ಓಕ್ ಮೊದಲ ಕೆಲವು ವರ್ಷ ಬೇರು ಇಳಿಸುತ್ತಾ ಕೂರುತ್ತದೆ, ಮೇಲೆ ಏನೂ ಕಾಣಲ್ಲ. ನೆಲೆ ನಿಂತ ಮೇಲೆ ವರ್ಷಕ್ಕೆ ಒಂದಡಿ ಆಸುಪಾಸು ಬೆಳೆಯುತ್ತದೆ. ನೀರು ಸರಿಯಾಗಿ ಕೊಟ್ಟರೆ ಇನ್ನೂ ಜಾಸ್ತಿ.

ಗಿಡಮರಬಳ್ಳಿ

ನೆರಳುಗಾರ್ ಸರ್, ಬರ್ ಓಕ್ ಬಗ್ಗೆ ನನಗೂ ಗೌರವ ಇದೆ. ಆದರೆ ಅದರ ಹರವು ನೋಡಿ. ಬಯಲಲ್ಲಿ ಬೆಳೆದರೆ ಎತ್ತರ ಎಷ್ಟೋ ಅಗಲವೂ ಅಷ್ಟೇ. 18 ಮೀಟರ್ ಜಾಗ ಅದಕ್ಕೆ ಕೊನೆಗೆ ಇಕ್ಕಟ್ಟೇ. ಅವರಿಗೆ ನೆರಳು ಬೇಕಾಗಿರೋದು ಈಗ. ಮಧ್ಯಮ ವೇಗದ್ದು, ಗಟ್ಟಿಯಾದ್ದು ಬೇಕು. ನನ್ನ ಆಯ್ಕೆ ಹ್ಯಾಕ್‌ಬೆರಿ.

ಇದು ಎಲ್ಮ್ ಮರದ ಸಂಬಂಧಿ ಅಂತ ಮೊದಲು ಅದೇ ಕುಟುಂಬಕ್ಕೆ ಸೇರಿಸಿದ್ದರು, ಈಗ ಗಾಂಜಾ ಕುಟುಂಬದಲ್ಲಿ ಇಟ್ಟಿದ್ದಾರೆ. (ನಗಬೇಡಿ, ನಿಜ.) ವಲಯ 3ರವರೆಗೆ ತಡೆಯುತ್ತದೆ. ಸುಣ್ಣದ ಮಣ್ಣು, ಬರ, ಸ್ವಲ್ಪ ದಿನ ನಿಂತ ನೀರು, ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ತೊಗಟೆ ಮುಟ್ಟಿ ನೋಡಬೇಕು. ಬೂದು ಬಣ್ಣ, ಅದರ ಮೇಲೆ ಬಿರಡೆಯಂಥ ಗಂಟು ಗಂಟು ಏಣುಗಳು. ಮಧ್ಯಾಹ್ನದ ಓರೆ ಬಿಸಿಲಲ್ಲಿ ಒಂದೊಂದು ಗಂಟಿಗೂ ಅದರದ್ದೇ ನೆರಳು. ಸಣ್ಣ ಹಣ್ಣುಗಳು ಚಳಿಗಾಲದವರೆಗೂ ರೆಂಬೆಯಲ್ಲೇ ಉಳಿಯುತ್ತವೆ, ಹಕ್ಕಿಗಳಿಗೆ ಹಬ್ಬ.

ಕೊರತೆ ಇಲ್ಲ ಅಂತಲ್ಲ. ಎಲೆ ಅಡಿಯಲ್ಲಿ ಮೊಡವೆ ಥರ ಗಂಟು ಬರುತ್ತವೆ, ಒಂದು ಸಣ್ಣ ಹುಳದ ಕೆಲಸ. ನೋಡೋಕೆ ಚೆನ್ನಾಗಿಲ್ಲ, ಆದರೆ ಮರಕ್ಕೆ ಏನೂ ಆಗಲ್ಲ. ಔಷಧಿ ಹೊಡೆಯೋಕೆ ಹೋಗಬೇಡಿ. ಎಲೆಯ ಬಣ್ಣವೂ ಸಪ್ಪೆ ಹಳದಿ. ಕೆಂಪು ಬೇಕೇ ಬೇಕು ಅನ್ನೋರಿಗೆ ಇದಲ್ಲ.

ಜೇನುಗೂಡು

ಲಿಂಡನ್ ಯಾರೂ ಹೇಳಲೇ ಇಲ್ಲವಲ್ಲ! ಬರ್ಲಿನ್‌ನ ಪ್ರಸಿದ್ಧ ರಸ್ತೆಗೆ ಹೆಸರು ಕೊಟ್ಟ ಮರ. ಸೇಂಟ್ ಪೀಟರ್ಸ್‌ಬರ್ಗ್‌ನ ಬೇಸಿಗೆ ಉದ್ಯಾನದ ಸಾಲುಗಳೂ ಲಿಂಡನ್‌ನವೇ. ಬೇಸಿಗೆಯಲ್ಲಿ ಹೂ ಬಿಟ್ಟರೆ ಇಡೀ ಮರ ಜೇನುಹುಳದ ಸದ್ದಿನಿಂದ ಗುಂಯ್ ಅನ್ನುತ್ತದೆ. ಅಮೆರಿಕನ್ ಲಿಂಡನ್ ವಲಯ 3ಕ್ಕೂ ತಡೆಯುತ್ತದೆ. ನೆರಳು ಎಷ್ಟು ದಟ್ಟ ಅಂದರೆ ಕೆಳಗೆ ಹುಲ್ಲು ಕಷ್ಟ.

ಗಿಡಮರಬಳ್ಳಿ

ಒಳ್ಳೆಯ ಮರ, ಒಪ್ಪಿದೆ. ಎರಡು ಎಚ್ಚರಿಕೆ ಅಷ್ಟೇ. ಜಪಾನಿ ಜೀರುಂಡೆ ಇರುವ ಕಡೆ ಅದು ಮೊದಲು ಹುಡುಕೋ ಮರಗಳಲ್ಲಿ ಲಿಂಡನ್ ಒಂದು. ಎಲೆಯನ್ನು ಜಾಲರಿ ಮಾಡಿ ಬಿಡುತ್ತದೆ. ಎರಡನೆಯದು, ಹಿಮ ಕರಗಿಸೋಕೆ ರಸ್ತೆಗೆ ಸುರಿಯುವ ಉಪ್ಪು ಇದಕ್ಕೆ ಆಗಿ ಬರಲ್ಲ. ಸಕ್ಕರೆ ಮೇಪಲ್‌ಗೂ ಅಷ್ಟೇ. ಹೊಸತೋಟ ಅವರೇ, ಜಾಗ ರಸ್ತೆ ಪಕ್ಕವಾ?

ಹೊಸತೋಟ

ಇಲ್ಲ ಮೇಡಂ, ರಸ್ತೆ ಪೂರ್ವಕ್ಕೆ. ಉಪ್ಪಿನ ತೊಂದರೆ ಇಲ್ಲ. ವಿನೆಗರ್ ಪರೀಕ್ಷೆ ಮಾಡಿದೆ, ನೊರೆ ಚೆನ್ನಾಗೇ ಬಂತು. ಮೇಪಲ್ ಆಸೆ ಬಿಟ್ಟೆ. ನೆರೆಯವರ ಅಂಗಳದಲ್ಲಿ ದೊಡ್ಡ ಆಶ್ ಇದೆ, ಇದೇ ಮಣ್ಣು, ಬಹಳ ವರ್ಷದಿಂದ ಚೆನ್ನಾಗಿದೆ. ಅದನ್ನೇ ಹಾಕಿದರೆ?

ಶೀತವಲಯ

ಬೇಡವೇ ಬೇಡ.

ಚಳಿಗೆ ಆಶ್‌ನಷ್ಟು ಗಟ್ಟಿ ಮರ ಕಡಿಮೆ. ಅದಕ್ಕೇ ಎಲ್ಮ್ ಸತ್ತ ಜಾಗದಲ್ಲೆಲ್ಲ ಅದನ್ನು ಸಾಲು ಸಾಲಾಗಿ ನೆಟ್ಟರು. ಡಚ್ ಎಲ್ಮ್ ರೋಗ ಅಮೆರಿಕದಲ್ಲಿ 1930ರಲ್ಲಿ ಕಾಣಿಸಿಕೊಂಡಿತು. ತೊಗಟೆ ಕೊರೆಯುವ ಜೀರುಂಡೆ ಶಿಲೀಂಧ್ರವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಬೀದಿಗೆ ಬೀದಿಯೇ ಬೋಳಾಯ್ತು. ಆಮೇಲೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಇನ್ನೊಂದು ಹುಳ ಸಿಕ್ಕಿತು, ಎಮರಾಲ್ಡ್ ಆಶ್ ಬೋರರ್. ಏಷ್ಯಾದಿಂದ ಬಂದದ್ದು. ಮರಿಹುಳ ತೊಗಟೆ ಅಡಿಯಲ್ಲಿ ಹಾವಿನ ಹಾಗೆ ಸುತ್ತಿ ಸುತ್ತಿ ಕೊರೆಯುತ್ತದೆ, ರಸ ಹರಿಯೋದೇ ನಿಲ್ಲುತ್ತದೆ. ಕೋಟಿಗಟ್ಟಲೆ ಆಶ್ ಮರಗಳು ಸತ್ತವು. ಮಾಸ್ಕೋ ಸುತ್ತಮುತ್ತಲೂ ಅದೇ ಹುಳ ಇದೆ. ನೆರೆಯವರ ಮರ ಇವತ್ತು ಚೆನ್ನಾಗಿದೆ ಅಂದರೆ ಹುಳ ಇನ್ನೂ ಬಂದಿಲ್ಲ, ಇಲ್ಲವೇ ಬಂದು ಕಾಣಿಸಿಕೊಂಡಿಲ್ಲ. ತೊಗಟೆಯಲ್ಲಿ ಅರ್ಧಚಂದ್ರದ ಆಕಾರದ ಸಣ್ಣ ತೂತು ಇದೆಯಾ ನೋಡಲು ಹೇಳಿ.

1990ರಲ್ಲಿ ಫ್ರಾಂಕ್ ಸಾಂಟಮೂರ್ ಅನ್ನೋ ಅಮೆರಿಕದ ಮರತಜ್ಞರು ಊರುಗಳಿಗೆ ಒಂದು ಲೆಕ್ಕ ಕೊಟ್ಟರು. ಇಂಥ ಹುಳ, ರೋಗ ಬಂದರೂ ಎಲ್ಲ ಒಟ್ಟಿಗೆ ಸಾಯದಿರಲಿ ಅಂತ, ಊರಿನ ಮರಗಳಲ್ಲಿ ಒಂದೇ ಜಾತಿ ನೂರಕ್ಕೆ 10 ದಾಟಬಾರದು, ಒಂದೇ ಕುಲ 20, ಒಂದೇ ಕುಟುಂಬ 30. ಮನೆಯ ಒಂದು ಮರಕ್ಕೆ ಇದು ಹೇಗೆ ಅನ್ವಯ ಅಂದರೆ, ಬೀದಿಯಲ್ಲಿ ಒಂದು ಸುತ್ತು ನಡೆದು ಬನ್ನಿ. ಎಲ್ಲರ ಮನೆ ಮುಂದೆ ಮೇಪಲ್ ಇದ್ದರೆ ಮಣ್ಣು ಒಪ್ಪಿದರೂ ನೀವು ಮೇಪಲ್ ಹಾಕಬೇಡಿ.

ಜೇನುಗೂಡು

ಎಲ್ಮ್ ಅನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ರೋಗ ತಡೆಯುವ ತಳಿಗಳು ಬಂದಿವೆ. ಪ್ರಿನ್ಸ್‌ಟನ್, ವ್ಯಾಲಿ ಫೋರ್ಜ್ ಇವೆ. ಚಳಿ ಜಾಸ್ತಿ ಇರುವ ಕಡೆಗೆ ಪ್ರೈರಿ ಎಕ್ಸ್‌ಪೆಡಿಷನ್. ತಡೆಯುತ್ತವೆ ಅಂದರೆ ರೋಗವೇ ಬರಲ್ಲ ಅಂತಲ್ಲ.

ಕಾಡುದಾರಿ

ನನ್ನ ಕಡೆಯಿಂದ ಇನ್ನೊಂದು ಹೆಸರು, ಕೆಂಟಕಿ ಕಾಫಿ ಮರ. ವಲಯ 4ಕ್ಕೆ ಸರಿ. ಸುಣ್ಣ, ಬರ ಎರಡನ್ನೂ ತಡೆಯುತ್ತದೆ. ಇದರ ವಿಶೇಷ ಏನಂದ್ರೆ ವಸಂತದಲ್ಲಿ ಎಲ್ಲ ಮರ ಚಿಗುರಿದ ಮೇಲೆ ಇದು ಚಿಗುರುತ್ತದೆ. ತಡವಾಗಿ ಬೀಳುವ ಹಿಮಕ್ಕೆ ಎಳೆ ಎಲೆ ಸಿಗೋದೇ ಇಲ್ಲ. ಒಂದೊಂದು ಎಲೆ ಅರ್ಧ ಮೀಟರ್‌ಗೂ ಉದ್ದ, ಆದರೆ ನೂರಾರು ಸಣ್ಣ ಎಲೆಗಳಾಗಿ ಒಡೆದಿರುತ್ತದೆ, ಹಾಗಾಗಿ ನೆರಳು ತೆಳು. ಚಳಿಗಾಲದಲ್ಲಿ ದಪ್ಪ ದಪ್ಪ ನಾಲ್ಕು ಕೊಂಬೆ ಬಿಟ್ಟರೆ ಏನೂ ಇರಲ್ಲ, ಬಿಸಿಲು ಒಳಗೆ ಬರುತ್ತದೆ. ಹೆಣ್ಣು ಮರ ಗಟ್ಟಿ ಕೋಡು ಉದುರಿಸುತ್ತದೆ. ಹಿಂದೆ ಜನ ಅದರ ಬೀಜ ಹುರಿದು ಕಾಫಿ ಬದಲು ಕುಡಿಯುತ್ತಿದ್ದರು, ಆದರೆ ಹಸಿ ಬೀಜ ವಿಷ. ಮಕ್ಕಳು, ನಾಯಿ ಇರುವ ಮನೆಗೆ ಗಂಡು ತಳಿಯೇ ತನ್ನಿ.

ಮುಳ್ಳಿಲ್ಲದ ಹನಿಲೋಕಸ್ಟ್ ಕೂಡ ಹೀಗೇ ತೆಳು ನೆರಳು. 4ಎಯಲ್ಲಿ ಕೆಲವು ತಳಿಗಳ ತುದಿ ಒಣಗುತ್ತದೆ. ನಾನಾದರೆ ಕಾಫಿ ಮರವನ್ನೇ ಆರಿಸುತ್ತೇನೆ.

ಹೊಸತೋಟ

ಬಿಸಿಲು ಒಳಗೆ ಬರುತ್ತೆ ಅಂದ್ರಲ್ಲ, ನಮಗೆ ದಕ್ಷಿಣಕ್ಕೂ ಸ್ವಲ್ಪ ಜಾಗ ಇದೆ. ಅಲ್ಲಿ ಎಲೆ ಉದುರುವ ಮರ ಹಾಕಿದರೆ ಬೇಸಿಗೆಯಲ್ಲಿ ನೆರಳು, ಚಳಿಗಾಲದಲ್ಲಿ ಬಿಸಿಲು, ಎರಡೂ ಸಿಗುತ್ತೆ ಅಲ್ವಾ?

ಶೀತವಲಯ

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಎಲೆ ಇಲ್ಲದಿದ್ದರೂ ಕೊಂಬೆ ರೆಂಬೆಗಳೇ ಚಳಿಗಾಲದ ಬಿಸಿಲನ್ನು ಸಾಕಷ್ಟು ತಡೆಯುತ್ತವೆ. ಲೆಕ್ಕ ಹಾಕಿ ನೋಡಿ. 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ ಸುಮಾರು 22 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. 15 ಮೀಟರ್ ಮರದ ನೆರಳು ಆಗ 38 ಮೀಟರ್ ಉದ್ದ ಬೀಳುತ್ತದೆ. ಅಂದರೆ ದಕ್ಷಿಣದ ಮರ ಇಡೀ ಚಳಿಗಾಲ ನಿಮ್ಮ ಮನೆ ಮೇಲೇ ನೆರಳಿನ ಗೆರೆ ಎಳೆದುಕೊಂಡು ನಿಂತಿರುತ್ತದೆ. ಬೇಸಿಗೆಯಲ್ಲಿ ನಡುಹಗಲ ಸೂರ್ಯ ನೆತ್ತಿ ಹತ್ತಿರ ಇರೋದರಿಂದ ಅದರ ನೆರಳು ಬುಡದ ಸುತ್ತವೇ ಬೀಳುತ್ತೆ, ಮನೆಗೆ ಸಿಗೋದೇ ಕಡಿಮೆ. ದಕ್ಷಿಣ ಖಾಲಿ ಬಿಡಿ. ಪಶ್ಚಿಮಕ್ಕೇ ನೆಡಿ, ಗೋಡೆಯಿಂದ ಏಳೆಂಟು ಮೀಟರ್ ದೂರಕ್ಕೆ. ಮೇಲೆ ವಿದ್ಯುತ್ ತಂತಿ, ಕೆಳಗೆ ಗ್ಯಾಸ್ ಅಥವಾ ನೀರಿನ ಪೈಪು ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ಹೊಸತೋಟ

ಸರಿ, ಹ್ಯಾಕ್‌ಬೆರಿ ಅಂತ ತೀರ್ಮಾನ ಮಾಡಿದ್ದೇನೆ, ಪಶ್ಚಿಮಕ್ಕೆ. ನೆರಳುಗಾರ್ ಸರ್ ಬೇಜಾರು ಮಾಡ್ಕೋಬೇಡಿ. ನರ್ಸರಿಯಲ್ಲಿ ಎರಡು ಅಳತೆ ಇದೆ. ಒಂದು ತೋಳು ದಪ್ಪದ್ದು, ಬೇರಿನ ಉಂಡೆಗೆ ಗೋಣಿ ಮತ್ತು ತಂತಿ ಬಿಗಿದಿದ್ದಾರೆ. ಇನ್ನೊಂದು ಹೆಬ್ಬೆರಳು ದಪ್ಪ, ಕುಂಡದಲ್ಲಿದೆ. ದೊಡ್ಡದನ್ನು ತಂದರೆ ನೆರಳು ಬೇಗ ಸಿಗುತ್ತೆ ಅಲ್ವಾ? ಈಗ ಸೆಪ್ಟೆಂಬರ್, ಈಗಲೇ ನೆಡಬಹುದಾ?

ನೆರಳುಗಾರ

ಬೇಜಾರು ಏನಿಲ್ಲ, ಹ್ಯಾಕ್‌ಬೆರಿ ಮೇಪಲ್‌ಗಿಂತ ಎಷ್ಟೋ ವಾಸಿ. ಆದರೆ ಚಿಕ್ಕದನ್ನೇ ತನ್ನಿ. ದೊಡ್ಡ ಮರವನ್ನು ನೆಲದಿಂದ ಅಗೆದು ತೆಗೆಯುವಾಗ ಹೆಚ್ಚಿನ ಬೇರು ಅಲ್ಲೇ ಉಳಿದು ಹೋಗಿರುತ್ತದೆ. ಚಳಿ ಪ್ರದೇಶದಲ್ಲಿ ಕಾಂಡದ ಪ್ರತಿ ಇಂಚು ದಪ್ಪಕ್ಕೆ ಒಂದರಿಂದ ಒಂದೂವರೆ ವರ್ಷ ಚೇತರಿಸಿಕೊಳ್ಳೋಕೆ ಬೇಕು. ಅಷ್ಟರಲ್ಲಿ ಚಿಕ್ಕದು ನೆಲೆ ನಿಂತು ಬೆಳೆಯೋಕೆ ಶುರು ಮಾಡಿರುತ್ತದೆ.

ಸೆಪ್ಟೆಂಬರ್‌ನಲ್ಲಿ ಬೇಡ. ಹ್ಯಾಕ್‌ಬೆರಿ, ಓಕ್ ಎರಡೂ ಬೇರು ಬಿಡೋದು ನಿಧಾನ. ನೆಲ ಗಟ್ಟಿಯಾಗುವ ಮುಂಚೆ ಸಿದ್ಧವಾಗಲ್ಲ. ವಸಂತದಲ್ಲಿ ಮೊಗ್ಗು ಒಡೆಯುವ ಮುಂಚೆ ನೆಡಿ.

ಗಿಡಮರಬಳ್ಳಿ

ನೆಡುವ ದಿನ ಒಂದು ವಿಷಯ ಮರೆಯಬೇಡಿ. ಕಾಂಡ ಬುಡದಲ್ಲಿ ಅಗಲವಾಗಿ ಬೇರಾಗಿ ಹರಡುವ ಜಾಗ ಇರುತ್ತದಲ್ಲ, ಅದು ನೆಲದ ಮೇಲೆ ಕಾಣಬೇಕು. ಕುಂಡದ ಗಿಡದಲ್ಲಿ ಅದು ಸಾಮಾನ್ಯವಾಗಿ ಮಣ್ಣಿನ ಅಡಿಗೆ ಹೂತಿರುತ್ತದೆ. ಬೆರಳಿಂದ ಮೇಲಿನ ಮಣ್ಣು ಕೆರೆದು ಹುಡುಕಿ. ಕುಂಡದ ಗೋಡೆಗೆ ಸುತ್ತಿ ಸುತ್ತಿ ಬೆಳೆದ ಬೇರನ್ನು ಕತ್ತರಿಸಿ ಹಾಕಿ, ಇಲ್ಲದಿದ್ದರೆ ಮುಂದೆ ಅದೇ ಕಾಂಡಕ್ಕೆ ಉರುಳು. ಗುಂಡಿ ಬೇರಿನ ಉಂಡೆಯಷ್ಟೇ ಆಳ, ಅಗಲ ಮಾತ್ರ ಎರಡು ಮೂರು ಪಟ್ಟು. ತೆಗೆದ ಮಣ್ಣನ್ನೇ ತುಂಬಿ. ಮರದ ಚಕ್ಕೆಯ ಹೊದಿಕೆ ನಾಲ್ಕು ಬೆರಳು ದಪ್ಪ ಸಾಕು, ಕಾಂಡಕ್ಕೆ ತಾಗಬಾರದು.

ಎಲೆಮರೆಕಾಯಿ

ಚಳಿಗಾಲಕ್ಕೆ ಗೋಣಿ ಸುತ್ತಬೇಕಾ?

ಗಿಡಮರಬಳ್ಳಿ

ಚಳಿಗೆ ಅಂತ ಸುತ್ತೋದಲ್ಲ, ಬಿಸಿಲಿಗೆ. ಚಳಿಗಾಲದ ಮಧ್ಯಾಹ್ನ ನೈಋತ್ಯದ ಬಿಸಿಲು ಎಳೆ ತೊಗಟೆಗೆ ನೇರ ಬೀಳುತ್ತದೆ. ತೊಗಟೆ ಬೆಚ್ಚಗಾಗಿ ಒಳಗಿನ ಜೀವ ಎಚ್ಚರವಾಗುತ್ತದೆ. ಸೂರ್ಯ ಮುಳುಗಿದ ತಕ್ಷಣ ಉಷ್ಣತೆ ಕುಸಿದು ಆ ಭಾಗ ಸಾಯುತ್ತದೆ. ವಸಂತದಲ್ಲಿ ಅಲ್ಲಿಯ ತೊಗಟೆ ಸೀಳಿ ಕಳಚುತ್ತದೆ. ಎಲೆ ಉದುರಿದ ಮೇಲೆ ಬಿಳಿ ಕಾವಲು ಪಟ್ಟಿ ಹಾಕಿ, ವಸಂತದಲ್ಲಿ ತೆಗೆಯಿರಿ. ವರ್ಷಪೂರ್ತಿ ಬಿಟ್ಟರೆ ಒಳಗೆ ತೇವ ನಿಂತು ಹುಳ ಸೇರುತ್ತದೆ.

ಇದರ ಹೊರಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಸುತ್ತಿ. ಹಿಮದ ಅಡಿಯಲ್ಲಿ ಇಲಿ ಜಾತಿಯವು, ಹಿಮದ ಮೇಲೆ ಮೊಲಗಳು ತೊಗಟೆ ಕೆರೆದು ತಿನ್ನುತ್ತವೆ. ಸುತ್ತಲೂ ತಿಂದರೆ ಮರ ಸತ್ತ ಹಾಗೇ. ಜಾಲರಿ ಎರಡು ಇಂಚು ಮಣ್ಣಿನೊಳಗೆ ಇಳಿಸಿ. ಎತ್ತರ ಲೆಕ್ಕ ಹಾಕುವಾಗ ಹಿಮ ಎಷ್ಟು ಬೀಳುತ್ತೆ ಅಂತ ಸೇರಿಸಿಕೊಳ್ಳಿ, ಮೊಲ ಹಿಮದ ಮೇಲೆ ನಿಂತು ತಿನ್ನುತ್ತೆ.

ಹೊಸತೋಟ

ಬರ್ಕೊಂಡೆ. ನೀರು?

ಗಿಡಮರಬಳ್ಳಿ

ಮೊದಲ ಎರಡು ಮೂರು ವರ್ಷ ಮಳೆ ಇಲ್ಲದ ವಾರ ಆಳಕ್ಕೆ ಇಳಿಯುವಷ್ಟು ಕೊಡಿ. ಜೇಡಿ ಮಣ್ಣಾದ್ದರಿಂದ ಮೊದಲು ಬೆರಳು ಹಾಕಿ ನೋಡಿ, ಒದ್ದೆ ಇದ್ದರೆ ಬೇಡ. ಎಲೆ ಉದುರಿದರೂ ನಿಲ್ಲಿಸಬೇಡಿ, ನೆಲ ಹೆಪ್ಪುಗಟ್ಟುವವರೆಗೂ ಕೊಡಿ. ಸಾರಜನಕದ ಗೊಬ್ಬರ ಮಾತ್ರ ಬೇಸಿಗೆ ಕೊನೆಯಲ್ಲಿ ಹಾಕಲೇಬೇಡಿ, ಎಳೆ ಚಿಗುರು ಬಂದು ಹಿಮಕ್ಕೆ ಸಿಗುತ್ತದೆ.

ಕಾಡುದಾರಿ

ಬೀಜ ಎಲ್ಲಿಯದು ಅಂತ ಕೇಳಿದ್ರಾ?

ಹೊಸತೋಟ

ಕೇಳಿದೆ ಸರ್. ಕುಂಡದಲ್ಲಿರೋದು ಉತ್ತರದ ಬೀಜದ್ದಂತೆ, ದೊಡ್ಡದು ಎಲ್ಲಿಂದ ಬಂತು ಅಂತ ಅವರಿಗೇ ಗೊತ್ತಿಲ್ಲ. ಚಿಕ್ಕದನ್ನು ವಸಂತಕ್ಕೆ ಎತ್ತಿಡೋಕೆ ಹೇಳಿ ಬಂದಿದ್ದೇನೆ. ಚಳಿಗಾಲದಲ್ಲಿ ಕುಂಡವನ್ನು ಹೊರಗೆ ಹಾಗೇ ಬಿಡಬೇಡಿ, ಬೇರಿಗೆ ಹೊದಿಕೆ ಹಾಕಿ ಅಂತಲೂ ಹೇಳಿದೆ.